ತಂಗಿ ಎಂದರೆ ಯಾರು?

ನಾನು ಒಂದು ಪಾಸ್‌ಪೋರ್ಟು. ಮೂವತ್ತಾರು ಪುಟ, ಕಡುನೀಲಿ ರಟ್ಟು, ಅದರ ಮೇಲೆ ಬಂಗಾರದ ಬಣ್ಣದ ಸಿಂಹಲಾಂಛನ. ನಾನು ಹುಟ್ಟಿದ್ದು ದೊಡ್ಡದೊಂದು ಅಚ್ಚಿನ ಮನೆಯಲ್ಲಿ. ಅದೇ ದಿನ ನನ್ನ ಜೊತೆ ಸಾವಿರಾರು ಮಂದಿ ಹುಟ್ಟಿದರು. ನಮ್ಮೊಳಗೆ ಇದ್ದದ್ದು ಒಂದೇ ಮಾತು: ಯಾರಿಗೆ ಎಷ್ಟು ಮುದ್ರೆ ಬೀಳುತ್ತೆ? ಪುಟವೆಲ್ಲ ಮುದ್ರೆಯಿಂದ ತುಂಬಿ, ಮೂಲೆ ಸವೆದು ಸಾಯುವುದೇ ನಮ್ಮ ಪೈಕಿ ದೊಡ್ಡಸ್ತಿಕೆ. ಪರದೇಶದ ಮುದ್ರೆ ಅಂತ ನನಗೆ ಬಿದ್ದದ್ದು ಒಂದೇ. ಅದರ ಮೇಲೂ ಅಡ್ಡಗೆರೆ ಎಳೆದು ಕಾಟು ಹೊಡೆದರು. ಹೇಳುತ್ತೇನೆ, ಅವಸರ ಮಾಡಬೇಡಿ.

ಅಂಚೆಯವನು ನನ್ನನ್ನು ದಾವಣಗೆರೆಯ ಹಳೇ ಮಿಲ್ಲಿನ ಹಿಂದಿನ ಓಣಿಗೆ ತಂದ. "ಕರಿಬಸಮ್ಮ ಯಾರು? ಸಹಿ ಹಾಕಮ್ಮ" ಅಂದ. ಅರವತ್ತೆಂಟರ ಹೆಂಗಸು, ರೊಟ್ಟಿ ತಟ್ಟುತ್ತಿದ್ದವಳು, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬಂದಳು. ನನ್ನನ್ನು ಬಿಚ್ಚಿ ತನ್ನ ಫೋಟೋ ನೋಡಿಕೊಂಡಳು. "ಥೂ, ಥೇಟ್ ಕಳ್ಳಿ ಕಂಡಂಗೆ ಕಾಣ್ತೀನಿ!" ಅಂದಳು. ನನಗೆ ಅವಮಾನವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಒರೆಸಿದ ಕೈಯಲ್ಲೇ ಹಿಡಿದಿದ್ದಳು, ಅಷ್ಟು ಮರ್ಯಾದೆ ಕೊಟ್ಟಳು.

ನನ್ನನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿದಳು. ಅದರೊಳಗೆ ಮೊದಲೇ ಒಬ್ಬರು ಮಲಗಿದ್ದರು, ನಲವತ್ತೆರಡು ವರ್ಷದ ಹಿಂದಿನ ಒಂದು ಕೋರ್ಟಿನ ತೀರ್ಪಿನ ನಕಲು. ಅಕ್ಕಪಕ್ಕ ಮಲಗಿದ ಮೇಲೆ ಮಾತು ಬಾರದೆ ಇರುತ್ತದೆಯೇ? ಅವಳ ಹಿಂದಿನದೆಲ್ಲ ಆ ನಕಲೇ ನನಗೆ ಹೇಳಿತು.

ಕರಿಬಸಮ್ಮ ಇಪ್ಪತ್ತಾರರ ಪ್ರಾಯದಲ್ಲಿ ಮಿಲ್ಲಿನಲ್ಲಿ ನೂಲು ಸುತ್ತುತ್ತಿದ್ದಳಂತೆ. ಓಟಿನಿಂದ ಏನೂ ಆಗಲ್ಲ, ಈ ಸರ್ಕಾರವನ್ನೇ ಉರುಳಿಸಬೇಕು ಅನ್ನುವ ಒಂದು ಗುಂಪಿಗೆ ಸೇರಿದಳು. ಒಂದು ದಿನ ಗೇಟಿನ ಮುಂದೆ ಗಲಾಟೆಯಾಗಿ ಮ್ಯಾನೇಜರನ ಜೀಪಿಗೆ ಬೆಂಕಿ ಬಿತ್ತು. ಜೀಪಿನ ಡ್ರೈವರ್ ಹನುಮಂತಪ್ಪನ ಎರಡೂ ಕೈ ಸುಟ್ಟವು. ಕಡ್ಡಿ ಗೀರಿದವಳು ಕರಿಬಸಮ್ಮ. ಎರಡು ವರ್ಷ ಎಂಟು ತಿಂಗಳು ಜೈಲಿನಲ್ಲಿದ್ದಳು. ಹೊರಗೆ ಬಂದ ಮೇಲೆ ಆ ಡ್ರೈವರನ ಮನೆಗೆ ಹೋಗಿ ಬಾಗಿಲಲ್ಲಿ ನಿಂತಿದ್ದಳಂತೆ. ಅವನು ಒಳಗೆ ಕರೆಯಲಿಲ್ಲ.

ತೀರ್ಪಿನಲ್ಲಿ ಆರು ಆರೋಪಿಗಳು. ಮೊದಲನೆಯವಳು "ಕರಿಬಸಮ್ಮ ಉರುಫ್ ಅಕ್ಕ". ಆರನೆಯ ಹೆಸರು ಹೀಗಿತ್ತು: "ತಂಗಿ. ಪೂರ್ತಿ ಹೆಸರು ತಿಳಿದುಬಂದಿಲ್ಲ. ಸೀಮೆಎಣ್ಣೆ ತಂದುಕೊಟ್ಟವಳು. ತಲೆಮರೆಸಿಕೊಂಡಿದ್ದಾಳೆ."

ಇದೇ ಎಡವಟ್ಟು. ಗೇಟಿನ ಹತ್ತಿರ ಯಾರೋ "ತಂಗಿ ತಂದ್ಲು, ತಂಗಿ ತಂದ್ಲು" ಅಂದದ್ದನ್ನು ಪೊಲೀಸರು ಕೇಳಿಸಿಕೊಂಡಿದ್ದರು. ಅಕ್ಕ ಅನ್ನುವುದು ಗುಪ್ತನಾಮವಾದರೆ ತಂಗಿ ಅನ್ನುವುದೂ ಗುಪ್ತನಾಮವೇ ಎಂದು ಬರೆದುಕೊಂಡರು. ಅದು ನಿಜವಾಗಿ ತಂಗಿಯೇ, ಕರಿಬಸಮ್ಮನ ಒಡಹುಟ್ಟಿದ ಸುಮಂಗಲ ಎಂದು ಯಾರಿಗೂ ಹೊಳೆಯಲಿಲ್ಲ. ಹದಿನೇಳರ ಕಾಲೇಜು ಹುಡುಗಿ. ಮನೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ತಾಯಿ ಸತ್ತ ದಿನದಿಂದ ಕರಿಬಸಮ್ಮನ ಬಾಯಲ್ಲಿ ಅವಳು ತಂಗಿ, ಅಷ್ಟೇ. ಠಾಣೆಯಲ್ಲಿ ಹೊಡೆದು ಕೇಳಿದರೂ ಕರಿಬಸಮ್ಮ ಬಾಯಿ ಬಿಡಲಿಲ್ಲ. ಸುಮಂಗಲ ನರ್ಸಿಂಗ್ ಓದಿ ದೂರದ ಒಂದು ದೇಶಕ್ಕೆ ಹೋದಳು, ಅಲ್ಲೇ ಪೌರತ್ವ ಪಡೆದಳು. ಯಾವುದಾದರೂ ತೀವ್ರಗಾಮಿ ಗುಂಪಿನಲ್ಲಿ ಇದ್ದಿರಾ ಎಂಬ ಪ್ರಶ್ನೆಗೆ "ಇಲ್ಲ" ಎಂದು ಬರೆದಿದ್ದಳು. ಆ ಒಂದು ಮಾತಿನ ಮೇಲೆ ಅವಳ ಸಂಸಾರವೆಲ್ಲ ನಿಂತಿತ್ತು.

ಈಗ ಸುಮಂಗಲಳಿಗೆ ಕ್ಯಾನ್ಸರ್. ಡಾಕ್ಟರು ಎರಡು ತಿಂಗಳು ಅಂದಿದ್ದರು. "ಅಕ್ಕಾ, ಒಂದ್ಸಲ ಬಾ" ಎಂದು ಫೋನಿನಲ್ಲಿ ಅತ್ತಿದ್ದಳು. ನಾನು ಹುಟ್ಟಿದ್ದೇ ಅದಕ್ಕೆ.

ವೀಸಾ ಮಾಡಿಸುವ ಏಜೆಂಟು, "ಅಮ್ಮಾ, ಜೈಲಿನ ವಿಷಯ ಬರೀದಿದ್ರೆ ಒಳ್ಳೇದು" ಅಂದ.

"ನಾನು ಮಾಡಿದ್ದು ಮಾಡಿದ್ದೇ. ಬರಿಯಪ್ಪ" ಅಂದಳು ಕರಿಬಸಮ್ಮ.

ಬರೆದ. ತೀರ್ಪನ್ನು ಅನುವಾದ ಮಾಡಿಸಿದ. ಅನುವಾದಕ ಎಲ್ಲವನ್ನೂ ಆ ದೇಶದ ಭಾಷೆಗೆ ತಿರುಗಿಸಿ, "ತಂಗಿ"ಯನ್ನು ಮಾತ್ರ ಹೆಸರು ಎಂದುಕೊಂಡು ಹಾಗೇ ಬಿಟ್ಟ. ಡಾಕ್ಟರ ಪತ್ರ ನೋಡಿ ವೀಸಾ ಕೊಟ್ಟರು. ನನ್ನ ಏಳನೇ ಪುಟಕ್ಕೆ ಅಂಟಿಸಿದರು. ನಾನು ಉಬ್ಬಿಹೋದೆ, ನೋಡಿ.

ವಿಮಾನ ಇಳಿದಾಗ ಅಲ್ಲಿ ಮಧ್ಯಾಹ್ನ. ಕೌಂಟರಿನವನು ಏಳನೇ ಪುಟದ ಎದುರಿಗೆ ಠಪ್ ಎಂದು ಮುದ್ರೆ ಒತ್ತಿದ. ಆಮೇಲೆ ಕಂಪ್ಯೂಟರಿನಲ್ಲಿ ಏನನ್ನೋ ಓದಿದ. ನನ್ನನ್ನು ವಾಪಸು ಕೊಡಲಿಲ್ಲ. ನಮ್ಮನ್ನು ಕಿಟಕಿ ಇಲ್ಲದ ಒಂದು ಕೋಣೆಗೆ ಕರೆದುಕೊಂಡು ಹೋದರು.

ಅಲ್ಲಿದ್ದ ಅಧಿಕಾರಿ ಕೆಟ್ಟವನಲ್ಲ. ನೀರು ಕೊಟ್ಟ, ಕೂರು ಎಂದು ಕೈ ತೋರಿಸಿದ. ಮೇಜಿನ ಮೇಲೆ ಒಂದು ಫೋನಿಟ್ಟ. ಅದರಿಂದ ಕನ್ನಡದ ಹೆಣ್ಣುದನಿ ಬಂತು: "ನಮಸ್ಕಾರ ಅಮ್ಮಾ, ನಾನು ದುಭಾಷಿ. ಅವರ ಮಾತು ನಿಮಗೆ, ನಿಮ್ಮ ಮಾತು ಅವರಿಗೆ ಹೇಳುವುದಷ್ಟೇ ನನ್ನ ಕೆಲಸ."

ಕೇಸಿನ ಬಗ್ಗೆ ಕೇಳಿದ. ಕರಿಬಸಮ್ಮ ಒಂದೂ ಬಿಡದೆ ಹೇಳಿದಳು, ಡ್ರೈವರನ ಕೈ ಸುಟ್ಟದ್ದನ್ನೂ ಸೇರಿಸಿ. ಇಂಥ ಹಿಂದಿನ ಚರಿತ್ರೆ ಇರುವವರನ್ನು ಒಳಗೆ ಬಿಡಬಾರದು ಎಂಬುದು ನಿಯಮ, ಆದರೆ ಮೂವತ್ತು ದಿನಕ್ಕೆ ಬಿಡುವ ಅಧಿಕಾರ ತನಗಿದೆ ಎಂದ ಅವನು. ಹಳೇ ಗುಂಪಿನ ನಂಟು ಪೂರ್ತಿ ಕಡಿದುಕೊಂಡಿದ್ದಾಳೆ ಎಂದು ತನಗೆ ನಂಬಿಕೆ ಬರಬೇಕು. ಆರೋಪಿಗಳಲ್ಲಿ ಒಬ್ಬಳು ಇನ್ನೂ ಸಿಕ್ಕಿಲ್ಲ, ಅವಳು ಯಾರು, ಈಗ ಎಲ್ಲಿದ್ದಾಳೆ, ಹೇಳಿದರೆ ಬಿಡುತ್ತೇನೆ ಎಂದ.

ಫೋನು ಕೇಳಿತು: "ಅಮ್ಮಾ... ತಂಗಿ ಅನ್ನುವಾಕೆ ಯಾರು ಎಂದು ಕೇಳುತ್ತಿದ್ದಾರೆ."

ಕರಿಬಸಮ್ಮನ ಕೈ ಮೇಜಿನ ಮೇಲಿತ್ತು, ನಾನು ಅದರ ಪಕ್ಕದಲ್ಲೇ ಇದ್ದೆ. ಆ ಕೈಯಿಂದಲೇ ನೀರಿನ ಲೋಟ ಪಕ್ಕಕ್ಕೆ ಸರಿಸಿದಳು.

"ಗೊತ್ತೈತೆ. ಹೇಳಲ್ಲ."

"ಹೇಳದಿದ್ದರೆ ಇವತ್ತೇ ವಾಪಸು ಕಳಿಸುತ್ತಾರಂತೆ."

"ಕಳಿಸ್ಲಿ."

ಅಧಿಕಾರಿ ಬರೆದುಕೊಂಡ. ಆಮೇಲೆ ಕಾಗದ ಭರ್ತಿ ಮಾಡುತ್ತಾ ಕೇಳಿದ, ಹೊರಗೆ ಕಾಯುತ್ತಿರುವವರು ನಿಮಗೆ ಏನಾಗಬೇಕು?

"ಒಡಹುಟ್ಟಿದೋಳು" ಅಂದಳು ಕರಿಬಸಮ್ಮ.

"ಅಕ್ಕನಾ, ತಂ..." ಎನ್ನುತ್ತಾ ಫೋನಿನ ದನಿ ಥಟ್ಟನೆ ನಿಂತಿತು.

ದುಭಾಷಿಗೆ ಹೊಳೆದುಹೋಗಿತ್ತು, ಅಧಿಕಾರಿಗೆ ಮಾತ್ರ ಏನೂ ತಿಳಿಯಲಿಲ್ಲ. ಅವರ ಭಾಷೆಯಲ್ಲಿ ಅಕ್ಕನಿಗೂ ತಂಗಿಗೂ ಒಂದೇ ಮಾತಂತೆ. ದುಭಾಷಿ ಆ ಒಂದು ಮಾತನ್ನು ಹೇಳಿ ಸುಮ್ಮನಾದಳು. ಅವನು ಅದನ್ನೇ ಬರೆದುಕೊಂಡ. ಆ ತಾಯಿ ಯಾರೋ, ಯಾವ ಊರಿನವಳೋ, ಚೆನ್ನಾಗಿರಲಿ.

ಅವನು ನನ್ನನ್ನು ಬಿಚ್ಚಿ ಮುದ್ರೆಯ ಮೇಲೆ ಎರಡು ಗೆರೆ ಎಳೆದ. ನೋವೇನೂ ಆಗಲಿಲ್ಲ. ನನಗೆ ಏನೂ ಅನ್ನಿಸಲೇ ಇಲ್ಲ.

ಹೋಗುವ ಮುಂಚೆ ಎರಡು ನಿಮಿಷ ಫೋನಿನಲ್ಲಿ ಮಾತಾಡಬಹುದು ಎಂದ. ಅದೂ ಎಲ್ಲರಿಗೂ ಕೇಳಿಸುವಂತೆ, ದುಭಾಷಿ ಪ್ರತಿ ಮಾತನ್ನೂ ತಿರುಗಿಸಿ ಹೇಳುವಂತೆ. ಸುಮಂಗಲ ಆ ಗೋಡೆಯ ಆಚೆ ಗಾಲಿಕುರ್ಚಿಯಲ್ಲಿ ಕೂತಿದ್ದಳು, ಮಗ ಶಶಾಂಕನ ಜೊತೆ.

"ಅಕ್ಕಾ! ಎಲ್ಲಿದೀಯ? ನಾನು ನಿನ್ ತಂ..."

"ಸುಮಂಗಲಾ! ಬಾಯಿ ಮುಚ್ಚು" ಅಂದಳು ಕರಿಬಸಮ್ಮ.

ಆ ಕಡೆಯಿಂದ ಸಣ್ಣ ದನಿಯಲ್ಲಿ, "ಯಾಕೆ ಹೆಸರು ಹಿಡಿದು ಕರೀತಿದೀಯ?"

"ನನ್ನ ಒಳಗ್ ಬಿಡಲ್ಲಂತೆ. ನಾ ವಾಪಸ್ ಹೊಂಟೀನಿ. ನೀನು ಮನೀಗೆ ಹೋಗು."

"ಅಕ್ಕಾ, ನನ್ ಮೇಲೆ ಸಿಟ್ಟಾ?"

"ಏನೂ ಮಾತಾಡಬ್ಯಾಡ, ಸುಮಂಗಲಾ. ಇಡು ಫೋನು."

ಎರಡು ನಿಮಿಷ ಕೊಟ್ಟಿದ್ದರು, ಅರ್ಧ ನಿಮಿಷವೂ ಆಗಲಿಲ್ಲ. ಇನ್ನೊಂದು ಮಾತಾಡಿದರೆ ಆ ಹುಡುಗಿ ಖಂಡಿತ ಆ ಶಬ್ದ ಆಡಿಬಿಡುತ್ತಿದ್ದಳು. ಹುಡುಗಿ ಅಂದೆ ನೋಡಿ, ಅವಳಿಗೆ ಐವತ್ತೊಂಬತ್ತು.

ವಿಮಾನದಲ್ಲಿ ಕರಿಬಸಮ್ಮ ಅಳಲಿಲ್ಲ. ಕೊಟ್ಟ ಊಟ ಉಂಡಳು. ಪಕ್ಕದವರು ಏನೋ ಕೇಳಿದ್ದಕ್ಕೆ ಹ್ಞೂಂ ಅಂದಳು. ಮನೆಗೆ ಬಂದು ನನ್ನನ್ನು ಟ್ರಂಕಿನ ತಳಕ್ಕೆ ಹಾಕಿ, ಹಿಟ್ಟು ನಾದಲು ಕೂತಳು. ಓಣಿಯವರು ಕೇಳಿದರೆ "ಬಿಡ್ಲಿಲ್ಲ" ಅನ್ನುತ್ತಿದ್ದಳು. ಫೋನು ಮಾಡಿ ತಂಗಿಗೆ ನಿಜ ಹೇಳಬಹುದಿತ್ತಲ್ಲ ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಒಮ್ಮೆ ಹೆಸರು ಕೇಳಿದವರು ಫೋನನ್ನೂ ಕದ್ದು ಕೇಳುತ್ತಾರೆ ಎಂದು ಅವಳ ಹಳೇ ಗುಂಪು ಕಲಿಸಿತ್ತು. ಆ ಪಾಠ ಅವಳ ಮೈಯಿಂದ ಹೋಗಿರಲಿಲ್ಲ. ಸುಮಂಗಲ ಮೂರು ಸಲ ಮಾಡಿದಳು. ಮೂರೂ ಸಲ ಕರಿಬಸಮ್ಮ ಎತ್ತಲಿಲ್ಲ.

ಐದನೇ ವಾರ ಶಶಾಂಕ ಮಾಡಿದ. ಟ್ರಂಕಿನ ಮುಚ್ಚಳ ತೆರೆದಿತ್ತು, ಚಳಿಗೆ ಕಂಬಳಿ ತೆಗೆಯುತ್ತಿದ್ದಳು.

"ದೊಡ್ಡಮ್ಮಾ, ಅಮ್ಮ ಹೋದ್ರು. ಬೆಳಿಗ್ಗೆ."

"ಹ್ಞೂಂ" ಅಂದಳು.

"ಕೊನೇವರೆಗೂ ಒಂದೇ ಕೇಳ್ತಿದ್ರು, ಅಕ್ಕನಿಗೆ ನಾನು ಏನು ಮಾಡಿದ್ದೆ ಅಂತ. ಏನು ಮಾಡಿದ್ರು ದೊಡ್ಡಮ್ಮಾ?"

ಹೇಳಬಹುದಿತ್ತು. ಸತ್ತವಳನ್ನು ಯಾರು ಏನು ಮಾಡುತ್ತಾರೆ? ಆದರೆ ಶಶಾಂಕ ಆ ದೇಶದಲ್ಲಿ ಇರುವುದೂ ತಾಯಿಯ ಕಾಗದದ ಮೇಲೆ.

"ಏನೂ ಮಾಡಿಲ್ಲಪ್ಪ. ನನ್ನ ಬಾಯಿ ಸರಿ ಇಲ್ಲ, ಅಷ್ಟೇ. ನೀನು ಊಟ ಮಾಡಿದ್ಯಾ?"

ಅವನು ಫೋನಿಟ್ಟ. ಆಮೇಲೆ ಅವನು ಮಾಡಲಿಲ್ಲ, ಇವಳೂ ಮಾಡಲಿಲ್ಲ.

ನನ್ನ ಅವಧಿ ಇನ್ನೂ ಏಳು ವರ್ಷ ಇದೆ. ಜಿರಲೆ ಗುಳಿಗೆಯ ವಾಸನೆಯಲ್ಲಿ ಮಲಗಿದ್ದೇನೆ. ಯಾವ ದೇಶಕ್ಕೂ ಹೋಗುವ ಆಸೆ ಈಗಿಲ್ಲ. ಒಬ್ಬಳ ಹೆಸರು, ಹುಟ್ಟಿದ ದಿನ, ತಂದೆತಾಯಿ ಎಲ್ಲ ನನ್ನೊಳಗೆ ಅಚ್ಚಾಗಿದೆ, ಇವಳು ಯಾರು ಎಂದು ಯಾರು ಕೇಳಿದರೂ ಹೇಳಲು ನಾನಿದ್ದೇನೆ ಎಂದು ಮೊದಲು ಜಂಬಪಡುತ್ತಿದ್ದೆ. ಒಡಹುಟ್ಟಿದವರ ಹೆಸರು ಬರೆಯಲು ನನ್ನಲ್ಲಿ ಜಾಗವೇ ಇಲ್ಲ. ಅದು ಒಳ್ಳೆಯದೇ ಆಯಿತು.