ಹದಿನೇಳನೆಯ ಹೆಸರು

ತಾಳೆಯಾಗದ ಹೆಸರುಗಳು ಹದಿನೇಳು. ಧರ್ಮಪಾಲ ಹದಿನಾರು ಮನೆಗಳಿಗೆ ಹೋದ. ಹದಿನೇಳನೆಯ ಮನೆಗೆ ಹೋಗಲಿಲ್ಲ, ಹೋದೆನೆಂದು ಬರೆದ.

ಅದು ೧೯೫೯. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷ ದಾಟಿತ್ತು. ಹಳೆಯ ಸರ್ಕಾರದ ಕಡತಗಳು ಹೊಸ ಸರ್ಕಾರದ ನಮೂನೆಗಳಿಗೆ ಇನ್ನೂ ಹೊಂದಿಕೊಂಡಿರಲಿಲ್ಲ. ಸೈನಿಕರ ವಿಧವೆಯರ ಪಿಂಚಣಿ ನೋಡಿಕೊಳ್ಳುವ ಕಚೇರಿಗೂ ನ್ಯಾಯಬೆಲೆ ಅಂಗಡಿಯ ಕಾರ್ಡು ಕೊಡುವ ಕಚೇರಿಗೂ ನಡುವೆ ಆ ಜನವರಿಯಲ್ಲಿ ಒಂದು ಒಪ್ಪಂದವಾಯಿತು. ಕಾರ್ಡಿನ ಪಟ್ಟಿಯನ್ನು ತರಿಸಿಕೊಂಡು ಪಿಂಚಣಿ ಪಟ್ಟಿಯೊಂದಿಗೆ ಹೆಸರಿಗೆ ಹೆಸರು ತಾಳೆ ನೋಡಬೇಕು. ತೀರಿಕೊಂಡವರ ಹೆಸರಿನಲ್ಲೋ ಮರುಮದುವೆಯಾದವರ ಹೆಸರಿನಲ್ಲೋ ಪಿಂಚಣಿ ಹೋಗುತ್ತಿದ್ದರೆ ಗೊತ್ತಾಗುತ್ತದೆ. ಆದರೆ ಪಟ್ಟಿಗಳು ತಾಳೆಯಾಗದ ಮಾತ್ರಕ್ಕೆ ಯಾರ ಪಿಂಚಣಿಯನ್ನೂ ನಿಲ್ಲಿಸಕೂಡದು. ಗುಮಾಸ್ತ ಮನೆಗೆ ಹೋಗಿ ಆ ವ್ಯಕ್ತಿಯನ್ನೇ ಕಂಡು, ಕೇಳಿ, ಹೇಳಿಕೆ ಬರೆದುಕೊಂಡು ಬರಬೇಕು. ಒಪ್ಪಂದದಲ್ಲಿ ಹಾಗೆಂದೇ ಇತ್ತು.

ಕಚೇರಿಯ ಗುಮಾಸ್ತ ಧರ್ಮಪಾಲನಿಗೆ ಇಪ್ಪತ್ತೊಂಬತ್ತು ವರ್ಷ. ಅವನು ನಾಲ್ಕುನೂರ ಹನ್ನೆರಡು ಹೆಸರುಗಳನ್ನು ನೋಡಿದ. ತಾಳೆಯಾಗದ ಹದಿನೇಳರ ಬೆನ್ನು ಹತ್ತಿ ಬಸ್ಸಿನಲ್ಲೂ ಕಾಲ್ನಡಿಗೆಯಲ್ಲೂ ತಿರುಗಿದ. ಒಬ್ಬ ವಿಧವೆ ಮಗನ ಜೊತೆ ಕೇರಳದ ಗಡಿಯ ಮಾಕುಟ್ಟದಲ್ಲಿದ್ದಾಳೆಂದು ಕೇಳಿ ಅಲ್ಲಿಗೂ ಹೋಗಿ ಬಂದ. ಶ್ರೀಮಂಗಲದ ಕಾರ್ಡೊಂದರಲ್ಲಿ ಹೆಂಡತಿ ಎಂದು ನಮೂದಾಗಿದ್ದ ಮುತ್ತಮ್ಮ ಆ ಮನೆಯ ಯಜಮಾನನ ಹೆಂಡತಿಯಲ್ಲ, ತಂಗಿ ಎಂಬುದನ್ನು ಪತ್ತೆ ಮಾಡಿ ಅವಳ ಪಿಂಚಣಿ ಉಳಿಸಿದ. ಕಾರ್ಡು ಬರೆಯುವವರು ಎಲ್ಲಿ ಎಡವುತ್ತಾರೆಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು.

ಹದಿನೇಳನೆಯ ಹೆಸರು ನೀಲಾವತಿ. ಗಂಡ ಸಿಪಾಯಿ ಕುಶಾಲಪ್ಪ ೧೯೪೮ರಲ್ಲಿ ಕಾಶ್ಮೀರದಲ್ಲಿ ಸತ್ತಿದ್ದ. ಮನೆ ಮೂರ್ನಾಡಿನಿಂದ ಎರಡು ಮೈಲಿ. ಕಾರ್ಡಿನಲ್ಲಿ ಮೊದಲ ಸಾಲು ಉತ್ತಯ್ಯ, ಮೂವತ್ತನಾಲ್ಕು ವರ್ಷ, ಯಜಮಾನ. ಎರಡನೆಯ ಸಾಲು ನೀಲಾವತಿ, ಮೂವತ್ತಮೂರು. ಮೂರನೆಯದು ದಮಯಂತಿ, ಹನ್ನೆರಡು. ಕೊನೆಗೆ ಗಂಗಮ್ಮ, ಅರವತ್ತೊಂದು. ಸಂಬಂಧ ಬರೆಯುವ ಅಂಕಣ ನಾಲ್ಕು ಸಾಲಿನಲ್ಲೂ ಖಾಲಿ. ಪಿಂಚಣಿ ಕಡತ ತೆಗೆದು ನೋಡಿದರೆ ದಮಯಂತಿ ಕುಶಾಲಪ್ಪನ ಮಗಳು, ಉತ್ತಯ್ಯ ಅವನ ತಮ್ಮ.

ಬೇರೆ ಯಾರೇ ಆಗಿದ್ದರೂ ಖಾಲಿ ಅಂಕಣವನ್ನು ಖಾಲಿಯೆಂದೇ ಓದುತ್ತಿದ್ದರು. ಧರ್ಮಪಾಲ ಅರೆಭಾಷೆ ಮಾತಾಡುವ ಗೌಡರವನು, ಆ ಮನೆಯವರೂ ಅದೇ ಗೌಡರು. ಅವನ ಜನರಲ್ಲಿ ವಿಧವೆ ಮತ್ತೆ ಮದುವೆಯಾಗುವುದುಂಟು. ಅದಕ್ಕೆ ಕೂಡಾವಳಿ ಎನ್ನುತ್ತಾರೆ. ಗಂಡನ ತಮ್ಮನೊಂದಿಗೇ ಆದದ್ದನ್ನು ಅವನು ಎರಡು ಮನೆಗಳಲ್ಲಿ ಕಂಡಿದ್ದ. ಯಜಮಾನನ ಹೆಸರಿನ ಕೆಳಗೇ ಹೆಂಗಸಿನ ಹೆಸರು, ವಯಸ್ಸಿನಲ್ಲಿ ಒಂದು ವರ್ಷದ ಅಂತರ. ಇನ್ನೇನು ಕೇಳುವುದು? ವರದಿಯ ಷರಾದಲ್ಲಿ ಬರೆದ: ‘೧೪-೩-೫೯ರಂದು ಸ್ಥಳ ವಿಚಾರಣೆ ಮಾಡಲಾಗಿ, ಮೈದುನನೊಂದಿಗೆ ಕೂಡಾವಳಿ ಆಗಿರುವುದು ತಿಳಿದುಬಂದಿದೆ.’

ಮೇಲಿನ ಅಧಿಕಾರಿ ಚನ್ನಮಲ್ಲಪ್ಪ ಶನಿವಾರಸಂತೆ ಕಡೆಯವರು. ಅವರಿಗೆ ಆ ಪದ ಗೊತ್ತಿರಲಿಲ್ಲ. ಧರ್ಮಪಾಲ ಚಹಾ ಕುಡಿಯುತ್ತಾ ಹತ್ತು ನಿಮಿಷ ವಿವರಿಸಿದ. ತನ್ನವರ ಪದ್ಧತಿಯನ್ನು ಹೊರಗಿನವರಿಗೆ ಹೇಳುವಾಗ ಅವನಿಗೆ ಸಂತೋಷವೇ ಆಗಿತ್ತು.

ಏಪ್ರಿಲ್‌ನಲ್ಲಿ ಆದೇಶ ಹೊರಟಿತು. ಮೇ ಐದರಂದು ನೀಲಾವತಿ ಖಜಾನೆಯ ಸಾಲಿನಲ್ಲಿ ನಿಂತಾಗ ಕಿಟಕಿಯೊಳಗಿನ ಗುಮಾಸ್ತ, ಗದ್ದಲದಲ್ಲಿ ಕೇಳಲೆಂದು, ಗಟ್ಟಿಯಾಗಿ ಓದಿ ಹೇಳಿದ. ನಿಮ್ಮದು ನಿಂತಿದೆ, ಮೈದುನನ ಜೊತೆ ಮರುಮದುವೆ ಅಂತ ಬಂದಿದೆ. ಅವಳ ಹಿಂದೆ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. ಅವರಲ್ಲಿ ನಾಲ್ವರು ಮೂರ್ನಾಡಿನ ಕಡೆಯವರು.

ಒಂಬತ್ತನೇ ತಾರೀಕು ಅವಳ ಅರ್ಜಿ ಬಂತು. ಎರಡೇ ಸಾಲು, ಅವಳದೇ ಕೈಬರಹ: ‘ನಾನು ಮರುಮದುವೆ ಆಗಿಲ್ಲ. ಆಗಿದೆ ಎಂದು ಬರೆದವರು ಯಾರೆಂದು ತಿಳಿಸಬೇಕು.’

ಚನ್ನಮಲ್ಲಪ್ಪ ಧರ್ಮಪಾಲನನ್ನು ಕರೆದರು.

“ಏನ್ರೀ ಧರ್ಮಪಾಲ, ಈ ಮದ್ವೆ ನೀವೇ ನಿಂತು ಮಾಡ್ಸಿದೀರಂತೆ. ಊಟ ಎಲ್ಲಿ ಹಾಕ್ಸಿದ್ರಿ?”

ಧರ್ಮಪಾಲ ಅರ್ಜಿ ಓದಿದ.

“ಹೋಗಿದ್ರಾ, ಇಲ್ವಾ? ಅಷ್ಟು ಹೇಳಿ.”

“ಇಲ್ಲ ಸಾರ್. ನಮ್ಮವರೇ ಅಲ್ವಾ, ಗೊತ್ತಿರೋದೇ ಅಂತ.”

“ಮಾಕುಟ್ಟಕ್ಕೆ ಹೋಗಿ ಬಂದ್ರಿ. ಮೂರ್ನಾಡು ದೂರ ಆಯ್ತಾ ನಿಮಗೆ?” ಚನ್ನಮಲ್ಲಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕೆಟ್ಟವರಲ್ಲ, ಕೆಳಗಿನವನನ್ನು ಉಳಿಸುವ ದಾರಿ ಆಗಲೇ ಯೋಚಿಸಿದ್ದರು. “ಒಂದು ನಿಯಮ ಇದೆ, ಈಗ ಹುಡುಕಿ ತೆಗೆದೆ ನೋಡಿ. ಗಂಡನ ಒಡಹುಟ್ಟಿದವನನ್ನೇ ಆಗಿ ಅದೇ ಮನೇಲಿದ್ರೆ ಪಿಂಚಣಿ ಮುಂದುವರಿಸಬಹುದು. ಆಕೆ ಹೌದು ಅಂತ ಒಂದು ರುಜು ಹಾಕ್ಲಿ. ದುಡ್ಡು ಸಿಗುತ್ತೆ, ನೀವೂ ಉಳ್ಕೊಳ್ತೀರಿ, ಕಡತಾನೂ ಮುಚ್ಚುತ್ತೆ.”

ಧರ್ಮಪಾಲನಿಗೆ ಹಗುರವೆನಿಸಿತು. ಆ ಹಗುರವನ್ನು ನೆನೆದು ಮುಂದೆ ಎಷ್ಟೋ ದಿನ ಅವನು ನಾಚಿಕೊಂಡ. ಆಗ ಮಾತ್ರ ಟೈಪು ಮಾಡಿದ ಹೇಳಿಕೆಯನ್ನು ಚೀಲದಲ್ಲಿಟ್ಟುಕೊಂಡು ಮರುದಿನದ ಬಸ್ಸು ಹತ್ತಿದ.

ಬಾಗಿಲಲ್ಲಿ ಗಂಗಮ್ಮ ಇದ್ದಳು, ನೀಲಾವತಿಯ ಅತ್ತೆ. ಆಫೀಸಿನಿಂದ ಎಂದಾಗ ಅವಳು ಜಗಲಿಯ ಬೆಂಚನ್ನು ಸೆರಗಿನಿಂದ ಒರೆಸಿದಳು.

“ಕುದ್ರಿ. ಯಾರ ಮನೆಯವು ನೀವು?”

“ಚೇರಂಬಾಣೆ ಕಡೆ, ಅವ್ವ.”

“ಹಂಗಾರೆ ನಮ್ಮವೇ.” ಅವಳು ಒಳಗೆ ತಿರುಗಿ ಹೇಳಿದಳು. “ನೀಲಾ, ಕಾಫಿ ಇಡು. ನಮ್ಮವು ಬಂದುಟ್ಟು.”

ಬೆಲ್ಲದ ಕಾಫಿ ಬಂತು. ತಂದವಳು ನೀಲಾವತಿ. ಲೋಟ ಕೊಟ್ಟು ಕಂಬದ ಪಕ್ಕ ನಿಂತಳು. ಧರ್ಮಪಾಲ ಕಾಗದ ಚಾಚಿದ. “ಇದಕ್ಕೆ ಒಂದು ರುಜು ಹಾಕಿದ್ರೆ ಆಯ್ತು, ಅಕ್ಕ. ಮುಂದಿನ ತಿಂಗಳಿಂದ ಪಿಂಚಣಿ ಬರ್ತದೆ. ಹಿಂದಿನದೂ ಸೇರಿಸಿ.”

ಅವಳು ನಿಂತಲ್ಲೇ ಪೂರ್ತಿ ಓದಿದಳು, ಅವಸರವಿಲ್ಲದೆ. ಮಡಿಸಿ ಅವನ ಪಕ್ಕ ಬೆಂಚಿನ ಮೇಲಿಟ್ಟಳು. ಒಳಗೆ ಹೋಗಿ ಪಿಂಚಣಿ ನಿಲ್ಲಿಸಿದ ಆದೇಶ ತಂದಳು.

“ಇದ್ರಲ್ಲಿ ಮಾರ್ಚ್ ಹದಿನಾಲ್ಕಕ್ಕೆ ಮನೆಗೆ ಬಂದು ವಿಚಾರಿಸಿದ್ರು ಅಂತ ಉಟ್ಟು. ಬಂದದ್ದು ಯಾರು?”

“ಆಫೀಸಿನಿಂದ.”

“ಆಫೀಸಿಗೆ ಕಾಲು ಉಟ್ಟಾ? ಯಾರು ಬಂದದ್ದು?”

ಗಂಗಮ್ಮ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದಳು.

“ನಾನೇ ಬರಬೇಕಾಗಿತ್ತು,” ಎಂದ ಧರ್ಮಪಾಲ.

“ಬಂದ್ರಾ?”

“ಇಲ್ಲ.”

“ಬಂದಿದ್ರೂ ಬಾಗಿಲು ಹಾಕಿತ್ತು. ಆ ದಿನ ಅತ್ತೆ ಕಣ್ಣಿಗೆ ಮದ್ದು ಹಾಕ್ಸೋಕೆ ಮಡಿಕೇರಿಗೆ ಹೋಗಿದ್ದೆವು.” ಅವಳ ಧ್ವನಿ ಏರಲಿಲ್ಲ. “ಮತ್ತೆ ಕೂಡಾವಳಿ ಅಂತ ಬರೆದದ್ದು ಯಾರು? ಆ ಮಾತು ಮೈಸೂರಿನವರಿಗೆ ಗೊತ್ತಿಲ್ಲೆ. ನಮ್ಮವು ಯಾರೋ ಬರೆದಿರಕ್ಕು ಅಂತ ಅವತ್ತೇ ಅಂದ್ಕೊಂಡೆ.”

ಅವನು ತಾನೇ ಎಂಬಂತೆ ತಲೆಯಾಡಿಸಿದ. ಕೈಯಲ್ಲಿದ್ದ ಲೋಟವನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

ಗಂಗಮ್ಮ ಹೇಳಿದಳು: “ನಾನೇ ಹೇಳಿದ್ದೆ ಮಗ, ಹತ್ತು ವರ್ಷದ ಹಿಂದೆ. ಉತ್ತಯ್ಯನ ಜೊತೆ ಕೂಡಾವಳಿ ಆಗು, ಮಗೂಗೆ ಅಪ್ಪ ಆಯ್ತದೆ ಅಂತ. ಊರಿನ ಹಿರಿಯರೂ ಬಂದು ಕೂತಿದ್ದು ಈ ಜಗಲೀಲೇ. ಇವಳು ಬೇಡ ಅಂದಳು. ಉತ್ತಯ್ಯ ಅಂದಿಂದ ಇವಳನ್ನ ಅತ್ತಿಗೆ ಅಂತಲೇ ನೋಡ್ಯುಟ್ಟು.”

“ಮತ್ತೆ ಕಾರ್ಡು ಅವರ ಹೆಸರಲ್ಲಿ?”

“ಗಂಡಸಿನ ಹೆಸರಿಲ್ಲದೆ ಕಾರ್ಡಿಲ್ಲ ಅಂದ ಅಂಗಡಿಯವ. ಉತ್ತಯ್ಯ ಶ್ರೀಮಂಗಲದ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರು. ತಿಂಗಳಿಗೊಂದು ಭಾನುವಾರ ಬರ್ತಿತ್ತು. ಅವನ ಹೆಸರು ಬರೆಸಿದೆವು. ನನ್ನ ಹೆಸರು ಮರೆತು ಕೊನೆಗೆ ಹಾಕಿದ.”

ಧರ್ಮಪಾಲನಿಗೆ ‘ಬರ್ತಿತ್ತು’ ಎಂಬುದು ಕೇಳಿಸಿತು. ಕೇಳಲು ಧೈರ್ಯ ಬರಲಿಲ್ಲ. ನೀಲಾವತಿಯೇ ಹೇಳಿದಳು. ಉತ್ತಯ್ಯನಿಗೆ ಯಮುನ ಎಂಬ ಹುಡುಗಿಯ ಮನೆಯಲ್ಲಿ ಮದುವೆಯ ಮಾತಾಗಿತ್ತು. ಖಜಾನೆಯ ಸಾಲಿನಲ್ಲಿ ಕೇಳಿಸಿಕೊಂಡವರ ಬಾಯಿಂದ ಸುದ್ದಿ ಮೂರು ದಿನಕ್ಕೆ ಆ ಮನೆ ಮುಟ್ಟಿತು. ಅವರು ಮಾತು ಹಿಂದಕ್ಕೆ ಪಡೆದರು. ಉತ್ತಯ್ಯ ಈ ತಿಂಗಳು ಎಸ್ಟೇಟಿನ ಲಾರಿಯಲ್ಲಿ ಅಕ್ಕಿ ಕಳಿಸಿದ, ತಾನು ಬರಲಿಲ್ಲ. ಒಂದೇ ಸೂರಿನಡಿ ಮಲಗಿದರೆ ಜನರ ಮಾತು ನಿಜವಾಗುತ್ತದೆ ಎಂದು ಹೇಳಿ ಕಳಿಸಿದ್ದ.

“ಅಕ್ಕ, ಈ ರುಜು ಹಾಕಿದ್ರೆ ದುಡ್ಡಾದರೂ…”

“ಕೂಡಾವಳಿ ಆಗೋದು ತಪ್ಪಲ್ಲ. ನನ್ನ ಚಿಕ್ಕಮ್ಮನೇ ಆಗ್ಯುಟ್ಟು. ಆಗೋದಿದ್ರೆ ಊರ ಮುಂದೆ ಆಗ್ತಿದ್ದೆ.” ಅವಳು ಮೊದಲ ಬಾರಿ ಅವನ ಮುಖ ನೋಡಿದಳು. “ಹಿರಿಯರ ಮುಂದೆ ನಾನು ಬೇಡ ಅಂದದ್ದು. ಬೇಡ ಅಂದದ್ದನ್ನ ಹೌದು ಅಂತ ನೀವು ಬರೆದ್ರಿ. ಈಗ ನಂಗೇ ಹೌದು ಅನ್ನು ಅಂತ ಕಾಗದ ತಂದುಟ್ಟು.”

ಅವನು ಕಾಗದವನ್ನು ಚೀಲಕ್ಕೆ ಹಾಕಿಕೊಂಡ. ಏನು ಮಾಡಲಿ ಎಂದು ಕೇಳಿದಾಗ ಅವನ ಧ್ವನಿ ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

“ಆದದ್ದನ್ನ ಆದ ಹಾಂಗೆ ಬರೀರಿ. ಖಜಾನೇಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದ್ರು. ಇದನ್ನೂ ಅಲ್ಲೇ ಗಟ್ಟಿಯಾಗಿ ಓದಕ್ಕು. ಓದೋದು ನೀವು.”

ಕಚೇರಿಗೆ ಮರಳಿ ಅವನು ಬರೆಯಲು ಕುಳಿತ. ಮೊದಲ ಕರಡಿನಲ್ಲಿ ‘ಕಣ್ತಪ್ಪಿನಿಂದ’ ಎಂದಿತ್ತು. ಅದು ಸುಳ್ಳು, ಅವನ ಕಣ್ಣು ತಪ್ಪಿರಲಿಲ್ಲ. ಎರಡನೆಯದರಲ್ಲಿ ‘ಕಾರ್ಡಿನ ದೋಷದಿಂದ’ ಎಂದಿತ್ತು. ಕಾರ್ಡಿನಲ್ಲಿ ಅಂಕಣ ಖಾಲಿಯಿತ್ತು, ಅಷ್ಟೆ. ಅದನ್ನು ತುಂಬಿದವನು ತಾನು. ಮೂರನೆಯ ಹಾಳೆಯಲ್ಲಿ ಏಳು ಸಾಲು ಬರೆದು ಚನ್ನಮಲ್ಲಪ್ಪನವರ ಮುಂದಿಟ್ಟ.

ಅವರು ಓದಿ ಹಾಳೆಯನ್ನು ಅವನ ಕಡೆಗೇ ಸರಿಸಿದರು.

“ಲೇಖನ ದೋಷ ಅಂತ ಬರ್ಕೊಂಡ್ರೆ ನಾನು ರುಜು ಹಾಕ್ತೀನಿ ಕಣ್ರೀ. ಹೋಗ್ದೇನೇ ಹೋದೆ ಅಂತ ಬರ್ದೆ ಅಂದ್ರೆ, ಮೇಲಿನವರು ಉಳಿದ ಹದಿನಾರಕ್ಕೂ ಹೋಗಿದ್ನಾ ಇವನು ಅಂತ ಕೇಳ್ತಾರೆ.”

“ಹೋಗಿದ್ದೆ ಸಾರ್.”

“ಗೊತ್ತು. ಆದ್ರೆ ಯಾರು ನಂಬ್ತಾರೆ?”

ಹಾಗೆಯೇ ಆಯಿತು. ಧರ್ಮಪಾಲನ ಒಂದು ವರ್ಷದ ಬಡ್ತಿ ಸಂಬಳ ತಡೆಹಿಡಿದರು. ಹದಿನಾರು ಮನೆಗಳಿಗೂ ಬೇರೊಬ್ಬ ಗುಮಾಸ್ತ ಹೊಸದಾಗಿ ಹೋಗಬೇಕೆಂದು ಆದೇಶವಾಯಿತು. ಅದು ಮುಗಿಯುವ ತನಕ ಅವನು ಸರಿಪಡಿಸಿದ್ದ ಹೆಸರುಗಳೂ ತಡೆಯಲ್ಲಿದ್ದವು. ಅವುಗಳಲ್ಲಿ ಶ್ರೀಮಂಗಲದ ಮುತ್ತಮ್ಮನದೂ ಒಂದು. ಅವಳು ಒಮ್ಮೆ ಕಚೇರಿಗೆ ಬಂದು, ನೀವೇ ಸರಿ ಮಾಡಿ ನೀವೇ ನಿಲ್ಲಿಸಿದ್ದು ಯಾಕೆ ಎಂದು ಕೇಳಿದಳು. ಅವಳಿಗೂ ಅವನು ಆದದ್ದನ್ನೇ ಹೇಳಬೇಕಾಯಿತು.

ನೀಲಾವತಿಯ ಪಿಂಚಣಿ ಜುಲೈನಲ್ಲಿ ಮರಳಿ ಬಂತು. ಉತ್ತಯ್ಯನ ಮಾತು ಮರಳಲಿಲ್ಲ. ಯಮುನಳಿಗೆ ಜೂನ್ ಮೊದಲ ವಾರವೇ ಬೇರೆ ಕಡೆ ಮದುವೆಯಾಗಿತ್ತು.

ಜುಲೈ ಆರು, ಸೋಮವಾರ, ಧರ್ಮಪಾಲ ಹತ್ತು ಗಂಟೆಗೆ ಖಜಾನೆಯ ವರಾಂಡಕ್ಕೆ ಬಂದ. ಸಾಲು ಮೆಟ್ಟಿಲವರೆಗೂ ಇತ್ತು. ಒದ್ದೆ ಕೊಡೆಗಳನ್ನು ಗೋಡೆಗೆ ಒರಗಿಸಿದ್ದರು. ನೀಲಾವತಿ ಕಿಟಕಿಯ ಮುಂದೆ ನಿಂತು ಹಣ ಮುಟ್ಟದೆ ಹಿಂದಿರುಗಿ ಅವನ ಕಡೆ ನೋಡಿದಳು. ಅವನು ಜೇಬಿನಿಂದ ಹಾಳೆ ತೆಗೆದ.

“ಸಿಪಾಯಿ ಕುಶಾಲಪ್ಪನವರ ವಿಧವೆ ನೀಲಾವತಿಯವರು ಮರುಮದುವೆ ಆಗಿಲ್ಲ. ಆಗಿದ್ದಾರೆಂದು ವರದಿ ಕೊಟ್ಟ ಗುಮಾಸ್ತ ಧರ್ಮಪಾಲ ಅವರ ಮನೆಗೆ ಹೋಗಿರಲಿಲ್ಲ, ಅವರನ್ನು ಕೇಳಿರಲಿಲ್ಲ. ಹೋದೆನೆಂದು ಸುಳ್ಳು ಬರೆದನು…”

ಏಳು ಸಾಲನ್ನೂ ಓದಿದ. ಸಾಲಿನ ನಡುವಿನಿಂದ ದೇರಪ್ಪ ಎಂಬ ಮುದುಕ, ಹಳೆಯ ಸುಬೇದಾರ, ಕೇಳಿದ:

“ಆ ಧರ್ಮಪಾಲ ಅನ್ನೋನು ಯಾರಪ್ಪ?”

“ನಾನೇ.”

“ಏನು?”

“ನಾನೇ, ಅಜ್ಜ.”

ಮುದುಕ ಕೋಲೂರಿಕೊಂಡು ಎರಡು ಹೆಜ್ಜೆ ಮುಂದೆ ಬಂದು ಕಿವಿಗೆ ಅಂಗೈ ಹಿಡಿದ. “ನಂಗೆ ಕಿವಿ ಮಂದ. ಇನ್ನೊಂದು ಸಲ ಓದು. ಹಿಂದಿನವರಿಗೂ ಕೇಳ್ಲಿ.”

ಧರ್ಮಪಾಲ ಹಾಳೆಯನ್ನು ಮತ್ತೆ ಮೇಲಿನಿಂದ ಹಿಡಿದು, ಇನ್ನಷ್ಟು ಗಟ್ಟಿಯಾಗಿ ಓದತೊಡಗಿದ.