ಎರಡನೆಯ ತಾಣದ ಆಮ್ಲಜನಕ

ಕೊಚ್ಚಿಯ ನಮ್ಮ ಕಡಲ ಸಂಶೋಧನಾ ಸಂಸ್ಥೆಯಲ್ಲಿ ಶುಕ್ರವಾರದ ಸೆಮಿನಾರಿಗೆ ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿಯ ಆಸೆಗೆ ಬರುವವರೇ ಹೆಚ್ಚು. ಲಿಜಿನಾಳ ಸರದಿಯ ದಿನ ಮಾತ್ರ ಸಭಾಂಗಣದಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮೊದಲು ಅವಳು ಮಾಡಬೇಕಿದ್ದ ಕೊನೆಯ ಭಾಷಣ ಅದು. ಪ್ರಶ್ನೆ ಕೇಳಲು ತಿರುವನಂತಪುರದಿಂದ ಅಂಬುಜಾಕ್ಷಿ ಮೇಡಂ ಬಂದಿದ್ದರು. ಅವರೆದುರು ಬೆವರದವರನ್ನು ನಾನಂತೂ ಕಂಡಿಲ್ಲ.

ಮಳೆಗಾಲದಲ್ಲಿ ಕಡಲ ತಳದ ನೀರಿನಲ್ಲಿ ಆಮ್ಲಜನಕ ಕುಸಿದಾಗ ಮತ್ತಿ ಮೀನು ದೂರ ಸರಿಯುತ್ತದೆಯೇ ಎಂಬುದು ಲಿಜಿನಾಳ ವಿಷಯ. ಎರಡು ತಾಣಗಳಲ್ಲಿ ಅಳತೆ ತೆಗೆದಿದ್ದಳು. ಎರಡೂ ಕಡೆ ಆಮ್ಲಜನಕ ಕುಸಿದಿದೆ, ಮೀನೂ ಸರಿದಿದೆ ಎಂದು ಎಲ್ಲೂ ತಡವರಿಸದೆ ಹೇಳಿದಳು. ಮೊದಲ ಸಾಲಿನಲ್ಲಿ ಅವಳ ಗೈಡ್ ಪೌಲೋಸ್ ಸರ್ ತಲೆದೂಗುತ್ತಿದ್ದರು.

ಮೇಡಂ ಕನ್ನಡಕ ಒರೆಸಿ ಹಾಕಿಕೊಂಡರು. "ಜೂನ್ ತಿಂಗಳ ಗ್ರಾಫ್ ಮತ್ತೆ ತೋರ್ಸು. ಎರಡೂ ಗೆರೆ ಒಟ್ಟಿಗೆ ಇಡು."

ಇಟ್ಟಳು. ಎರಡನೆಯ ತಾಣದ ಗೆರೆ ತುಸು ಕೆಳಗಿತ್ತು, ಅಷ್ಟೆ. ಏರು, ಇಳಿತ, ನಡುವಿನ ಚಿಕ್ಕ ಕೊಂಕು, ಎಲ್ಲವೂ ಅಚ್ಚು ಒತ್ತಿದಂತೆ ಒಂದೇ.

"ಸಮುದ್ರ ಹಿಂಗೆ ನಕಲು ಹೊಡೆಯಲ್ಲ, ಮಗಳೇ," ಎಂದರು ಮೇಡಂ.

ಆ ಜೂನ್‌ನಲ್ಲಿ ಲಿಜಿನಾ ಡೆಂಗಿ ಜ್ವರದಿಂದ ಆಲಪ್ಪುಳದ ಮನೆಯಲ್ಲಿ ಮಲಗಿದ್ದಳು. ಅವಳ ಬದಲು ದೋಣಿಯಲ್ಲಿ ಹೋದವನು ರಿಜೋ. ಇಬ್ಬರೂ ಒಂದೇ ವರ್ಷ ಸೇರಿದವರು, ಊಟದ ಡಬ್ಬಿ ಹಂಚಿಕೊಂಡವರು. ಅವನು ಹಿಂದಿನ ಸಾಲಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದ. ಲಿಜಿನಾ ಅವನತ್ತ ನೋಡಿದಳು. ಅವನು ನೆಲ ನೋಡುತ್ತಿದ್ದ.

ಪೌಲೋಸ್ ಸರ್ ಎದ್ದು, ಉಪಕರಣ ಕೆಟ್ಟಿರಬಹುದು, ಆಮೇಲೆ ಪರಿಶೀಲಿಸೋಣ ಎಂದರು. ಅವಳು ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಲಿಜಿನಾ ಮೈಕನ್ನು ಬಿಗಿಯಾಗಿ ಹಿಡಿದುಕೊಂಡಳು.

"ಉಪಕರಣದ್ದಲ್ಲ ಸರ್. ಅವತ್ತು ನಾನು ದೋಣೀಲಿ ಇರ್ಲಿಲ್ಲ. ಬಂದ ಅಂಕಿಗಳ್ನ ಪರೀಕ್ಷೆ ಮಾಡದೇನೇ ಹಂಗೇ ಸೇರಿಸ್ದೆ. ಈ ತೀರ್ಮಾನ ವಾಪಸ್ ತಗೋತೀನಿ."

"ಮತ್ತೆ ಯಾರು ಹೋಗಿದ್ದು?"

"ಹೋದವರೇ ಹೇಳ್ಲಿ ಸರ್."

ರಿಜೋ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದ. ಅಲೆ ಜೋರಾಗಿದ್ದರಿಂದ ದೋಣಿಯವರು ಎರಡನೆಯ ತಾಣಕ್ಕೆ ಹೋಗಲು ಒಪ್ಪಲಿಲ್ಲ, ಬರಿಗೈಲಿ ಬರಲು ನಾಚಿಕೆಯಾಗಿ ಮೊದಲ ತಾಣದ ಅಂಕಿಗಳನ್ನೇ ಚೂರು ತಗ್ಗಿಸಿ ಕೊಟ್ಟೆ ಎಂದ. ಧ್ವನಿ ನನಗೇ ಸರಿಯಾಗಿ ಕೇಳಲಿಲ್ಲ. ಸರ್ ಇನ್ನೊಮ್ಮೆ ಹೇಳಿಸಿದರು.

ರಿಜೋನನ್ನು ಕ್ಷೇತ್ರಕಾರ್ಯದಿಂದ ದೂರವಿಟ್ಟರು. ಲಿಜಿನಾಳ ಪ್ರಬಂಧ ಮುಂದಿನ ಮಳೆಗಾಲದ ತನಕ ನಿಂತಿತು. ಅವನು ಎರಡು ಸಲ ಕ್ಷಮೆ ಕೇಳಲು ಹೋದನಂತೆ. ಸಿಟ್ಟು ಇಳಿದ ಮೇಲೆ ನಾನೇ ಹೇಳ್ತೀನಿ, ಅಲ್ಲಿವರೆಗೆ ಬರಬೇಡ ಎಂದಳಂತೆ. ಅದು ಇನ್ನೂ ಇಳಿದಂತಿಲ್ಲ.

ಮರುವರ್ಷದ ಜೂನ್‌ನಲ್ಲಿ ಅವಳೇ ದೋಣಿ ಹತ್ತಿದಳು. ದಾರಿಯುದ್ದಕ್ಕೂ ವಾಂತಿ ಮಾಡಿಕೊಳ್ಳುತ್ತಲೇ ಎರಡನೆಯ ತಾಣದ ನೀರು ತೆಗೆದಳು. ಅಲ್ಲಿ ಆಮ್ಲಜನಕ ಅಷ್ಟೇನೂ ಕುಸಿದಿರಲಿಲ್ಲ. ದಡಕ್ಕೆ ಬಂದವಳೇ ಪೌಲೋಸ್ ಸರ್‌ಗೆ ಫೋನ್ ಮಾಡಿ, ತನ್ನ ಊಹೆ ಅರ್ಧ ಸುಳ್ಳಾಯಿತು ಎಂದಳು.

"ಸರಿ, ಮೊದಲು ಏನಾದ್ರೂ ತಿನ್ನು," ಎಂದರಂತೆ ಅವರು. "ಆ ಅಧ್ಯಾಯ ನಾಳೆಯಿಂದ ಹೊಸದಾಗಿ ಬರಿ."