ಓವನ್ ಕಾಣದ ಹಕ್ಕಿಗಳು

"ಅರವತ್ತಮೂರು ಪರ್ಸೆಂಟಿಂದ ಅಲುಗಾಡ್ತಾ ಇಲ್ಲಪ್ಪ," ಎಂದಳು ಮಗಳು, ಕಿಟಕಿಯ ಬಿಸಿಲು ಬೀಳದಂತೆ ಫೋನಿಗೆ ಅಂಗೈ ಮರೆಮಾಡಿ. "ನಿನ್ನೆಯಿಂದ ಅಲ್ಲೇ ಗೂಟ ಹೊಡ್ಕೊಂಡು ಕೂತಿದೆ."

ಗಾಜಣ್ಣ ತಲೆಯೆತ್ತಲಿಲ್ಲ. ಬರ್ನರಿನ ನೀಲಿ ಜ್ವಾಲೆಯಲ್ಲಿ ಕಿರುಬೆರಳು ದಪ್ಪದ ಗಾಜಿನ ಕಡ್ಡಿಯ ತುದಿ ಕೆಂಪಾಗಿ, ಜೇನಿನಂತೆ ಇಳಿಯತೊಡಗಿತ್ತು. ತೊಟ್ಟಿಕ್ಕುವ ಮೊದಲೇ ತಿರುಗಿಸಿ ಚಿಮುಟದಿಂದ ಒಮ್ಮೆ ಎಳೆದ. ಕೊಕ್ಕಾಯಿತು. ಎರಡು ಕಡೆ ಒತ್ತಿದ. ರೆಕ್ಕೆಯಾಯಿತು.

"ಎಷ್ಟನೇದಪ್ಪ ಇದು?"

"ನೂರ ಹದಿನಾಲ್ಕು. ಮೊನ್ನೆ ದುಡ್ಡು ಕೊಟ್ಟ ಆ ದಾದಿಯಮ್ಮಂದು."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀತಾರಂತೆ," ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. "ದುಡ್ಡು ಕೈಗೆ ಬರಲಿ, ಆಮೇಲೆ ಹಕ್ಕಿ ಮಾಡಿ ಅಂದ್ರೆ ಕೇಳಿದ್ರಾ?"

"ಅವರು ನನ್ನ ಕೆಲಸ ನೋಡೋಕೆ ಮುಂಚೆ ಕೊಟ್ರಲ್ಲ? ನಾನು ದುಡ್ಡು ನೋಡೋಕೆ ಮುಂಚೆ ಮಾಡಿದ್ರೆ ಏನು ಗಂಟು ಹೋಗುತ್ತೆ?"

ಇಪ್ಪತ್ತಾರು ವರ್ಷ ಅವನು ವಿಜ್ಞಾನ ಕಾಲೇಜಿನ ಗಾಜಿನ ಕೋಣೆಯಲ್ಲಿದ್ದವನು. ಪ್ರಯೋಗಾಲಯದ ಫ್ಲಾಸ್ಕು, ಕಂಡೆನ್ಸರು ಒಡೆದರೆ ಅವನ ಮೇಜಿಗೆ ಬರುತ್ತಿದ್ದವು, ಬೆಸೆದುಕೊಂಡು ಹೋಗುತ್ತಿದ್ದವು. 'ಗಾಜಣ್ಣ' ಎನ್ನುವ ಹೆಸರು ಅಲ್ಲಿ ಅಂಟಿದ್ದು. ಹೋದ ವರ್ಷ ಆಡಳಿತದವರು ಲೆಕ್ಕ ಹಾಕಿ, ಒಡೆದದ್ದನ್ನು ಎಸೆದು ಹೊಸದು ತರಿಸುವುದೇ ಸಲೀಸೆಂದು ಕೋಣೆಗೆ ಬೀಗ ಹಾಕಿದರು. ಬೆಸೆದ ಗಾಜನ್ನು ನಿಧಾನವಾಗಿ ತಣಿಸುವ ಓವನ್ ಗುಜರಿಗೆ ಹೋಯಿತು. ಈಗ ಅವನಿಗೆ ಉಗ್ರಾಣದಲ್ಲಿ ಒಂದು ಕುರ್ಚಿ ತೋರಿಸಿದ್ದರು: ಬಂದ ಪೆಟ್ಟಿಗೆ ಒಡೆದು ಹೊಸ ಗಾಜು ಎಣಿಸಿ ಕೊಡುವ ಕೆಲಸ. ಬರುವ ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು.

ಸ್ವಂತ ಅಂಗಡಿ ಹಾಕು, ಊರಿನ ಎಲ್ಲ ಲ್ಯಾಬುಗಳ ಒಡೆದ ಗಾಜೂ ನಿನ್ನ ಹತ್ತಿರವೇ ಬರುತ್ತದೆ ಎಂದವರು ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು. ಬೇಕಾದದ್ದು ಮುಖ್ಯವಾಗಿ ಒಂದು ಓವನ್. ಬ್ಯಾಂಕು ಸಾಲ ಕೊಡುವುದಿಲ್ಲವೆಂದಾಗ, "ಹತ್ತು ಜನರ ಕಡ್ಡಿ ಒಬ್ಬನ ತಲೆಹೊರೆ ಕಣೋ," ಎಂದು ಕ್ರೌಡ್‌ಫಂಡಿಂಗಿನ ದಾರಿ ತೋರಿಸಿದವರೂ ಅವರೇ. ಹೆಂಡತಿ ಅದನ್ನು 'ಫೋನಿನಲ್ಲಿ ಚಂದಾ ಎತ್ತೋದು' ಎಂದು ಕರೆದಳು. ಕೊಟ್ಟವರಿಗೆಲ್ಲ ಒಂದೊಂದು ಗಾಜಿನ ಹಕ್ಕಿ ಎಂದು ಗಾಜಣ್ಣ ಮಾತು ಕೊಟ್ಟ. ನಿಯಮ ಸರಳವಾಗಿತ್ತು: ನಲವತ್ತು ದಿನದಲ್ಲಿ ಗುರಿ ಮುಟ್ಟಿದರೆ ಹಣವೆಲ್ಲ ನಿನಗೆ, ಒಂದು ಕಾಸು ಕಡಿಮೆಯಾದರೂ ಎಲ್ಲವೂ ಕೊಟ್ಟವರಿಗೆ ವಾಪಸು. ಇವತ್ತು ನಲವತ್ತನೆಯ ದಿನ. ಗಡುವು ಸಂಜೆ ಆರಕ್ಕೆ.

ಮಗಳು ಮಾಡಿದ ವಿಡಿಯೊವನ್ನು ಸಾವಿರಾರು ಜನ ನೋಡಿದ್ದರು. ಕೊನೆಯಲ್ಲಿ ಗಾಜಣ್ಣ ತಾನು ಬೆಸೆದ ಫ್ಲಾಸ್ಕನ್ನು ತಂಪು ಕನ್ನಡಕದ ಗಾಜಿನಂಥ ಎರಡು ಕಪ್ಪು ಪೋಲರಾಯ್ಡ್ ಹಾಳೆಗಳ ನಡುವೆ ಹಿಡಿದು ತೋರಿಸುತ್ತಾನೆ. ಆ ಹಾಳೆಗಳನ್ನು ಒಂದಕ್ಕೊಂದು ಅಡ್ಡ ಹಿಡಿದರೆ ಬೆಳಕು ದಾಟುವುದಿಲ್ಲ. ನಡುವೆ ಹದವಾಗಿ ತಣಿದ ಗಾಜಿಟ್ಟರೆ ಅದೂ ಕತ್ತಲೆಯೇ. ಆದರೆ ಬೆಸೆದು, ಓವನ್ನಿನಲ್ಲಿ ನಿಧಾನವಾಗಿ ತಣಿಸದ ಗಾಜಾದರೆ ಒಳಗಿನ ಬಿಗಿತ ಕಾಮನಬಿಲ್ಲಾಗಿ ಹೊಳೆಯುತ್ತದೆ. 'ಇದಕ್ಕೇ ಓವನ್ ಬೇಕು' ಎಂದು ಹೇಳುವುದು ಅವನ ಉದ್ದೇಶ. ನೋಡಿದವರು 'ಎಷ್ಟು ಚೆಂದದ ಬಣ್ಣ' ಎಂದು ಬರೆದು, ಹೃದಯದ ಚಿಹ್ನೆ ಒತ್ತಿ ಮುಂದೆ ಹೋದರು.

ನಾಲ್ಕೂವರೆಗೆ ಬಾಗಿಲು ಸದ್ದಾಯಿತು. ಮೇಷ್ಟ್ರು ಕಳಿಸಿದ್ದ ಔಷಧ ಕಂಪನಿಯ ಲ್ಯಾಬ್ ಮ್ಯಾನೇಜರು. ಇಸ್ತ್ರಿ ಕೆಡದ ಅಂಗಿ, ಕೂರಲು ಹೇಳಿದರೂ ಕೂರದ ಅವಸರ.

"ತಿಂಗಳಿಗೆ ಅರವತ್ತು ಎಪ್ಪತ್ತು ಫ್ಲಾಸ್ಕ್ ಎಸೀತೀವಿ ನಾವು. ನಿಮ್ಮ ಕೆಲಸ ಸರಿ ಅನ್ನಿಸಿದ್ರೆ ಗುರಿಗೆ ಉಳಿದ ದುಡ್ಡನ್ನ ಕಂಪನಿ ಕಡೆಯಿಂದ ಹಾಕಿಸ್ತೀನಿ. ಈಗಲೇ."

ಮಗಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಹೆಂಡತಿ ಕಾಫಿಗೆಂದು ಒಳಗೆ ಹೋದವಳು ಅರ್ಧದಾರಿಯಲ್ಲೇ ನಿಂತಳು.

ಗಾಜಣ್ಣ ಬಟ್ಟೆ ಸುತ್ತಿಟ್ಟಿದ್ದ ಫ್ಲಾಸ್ಕನ್ನು ತಂದುಕೊಟ್ಟ. ಮ್ಯಾನೇಜರು ತಿರುಗಿಸಿ ನೋಡಿದರು. ಕತ್ತಿನ ಸುತ್ತ ಉಗುರಾಡಿಸಿದರು.

"ಒಡೆದಿದ್ದು ಎಲ್ಲಿ?"

"ನೀವೇ ಹೇಳಿ ಸರ್."

"ಹಾ!" ಎಂದು ನಕ್ಕುಬಿಟ್ಟರು. "ಹೊಸದಕ್ಕೂ ಇದಕ್ಕೂ ವ್ಯತ್ಯಾಸಾನೇ ಇಲ್ಲವಲ್ಲ ಮಾರಾಯ್ರೆ!" ಜೇಬಿನಿಂದ ಫೋನ್ ತೆಗೆದರು. "ಎಲ್ಲಿದೆಯಮ್ಮ ನಿಮ್ಮ ಪುಟ?"

ಮಗಳು ಮುಂದೆ ಬಂದು ತೋರಿಸಿದಳು. ಮ್ಯಾನೇಜರ ಹೆಬ್ಬೆರಳು ಪರದೆಯ ಮೇಲೆ ಆಡತೊಡಗಿತು.

"ಒಂದ್ನಿಮಿಷ ಸರ್," ಎಂದ ಗಾಜಣ್ಣ.

ಹೆಂಡತಿ ಕೆಮ್ಮಿದಳು. ಅದು ಕೆಮ್ಮಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಇಪ್ಪತ್ತಾರು ವರ್ಷದಲ್ಲಿ ಒಂದು ಗಾಜನ್ನೂ ಅವನು ಹಾಳೆಗಳ ನಡುವೆ ಹಿಡಿದು ತೋರಿಸದೆ ಯಾರ ಕೈಗೂ ಕೊಟ್ಟವನಲ್ಲ. ಕೈ ತಾನಾಗಿ ಅತ್ತ ಹೋಯಿತು. ಒಂದು ಹಾಳೆಯನ್ನು ಕಿಟಕಿಗೆ ಒರಗಿಸಿದ. ಫ್ಲಾಸ್ಕನ್ನು ಅದರ ಮುಂದೆ ಹಿಡಿದ. ಇನ್ನೊಂದನ್ನು ಮ್ಯಾನೇಜರ ಕಣ್ಣಿನೆದುರು ತಂದು ಮೆಲ್ಲಗೆ ತಿರುಗಿಸಿದ. ಕಿಟಕಿ ಕಪ್ಪಾಯಿತು. ಆ ಕಪ್ಪಿನಲ್ಲಿ ಫ್ಲಾಸ್ಕಿನ ಕತ್ತೊಂದೇ, ಹಳದಿ, ನೇರಳೆ, ನೀಲಿಯಾಗಿ ಉಂಗುರದಂತೆ ಉರಿಯಿತು.

"ಏನಿದು?"

"ಬಿಗಿತ ಸರ್. ಬೆಸೆದ ಜಾಗ ಬೇಗ ತಣಿದಿದೆ. ಒಳಗೊಳಗೇ ಜಗ್ಗಾಡ್ತಾ ಇದೆ."

"ಅಂದ್ರೆ ಒಡೆಯುತ್ತಾ?"

"ಒಡೀಬಹುದು. ಇವತ್ತೇ ಆಗ್ಬಹುದು, ಆರು ತಿಂಗಳಾದ್ಮೇಲೂ ಆಗ್ಬಹುದು. ಓವನ್‌ನಲ್ಲಿ ಒಂದು ರಾತ್ರಿ ಇಟ್ರೆ ಪೂರ್ತಿ ಹೋಗುತ್ತೆ. ಅದಕ್ಕೇ ಸರ್ ಓವನ್."

ಮ್ಯಾನೇಜರು ಬಣ್ಣದ ಉಂಗುರವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು. "ನಮ್ಮಲ್ಲಿ ಇದರೊಳಗೆ ಸುಡೋ ದ್ರಾವಣ ಇರುತ್ತೆ," ಎಂದರು. ಫೋನ್ ಜೇಬಿಗೆ ಹೋಯಿತು. "ಓವನ್ ಬಂದ್ಮೇಲೆ ಒಂದು ಮಾತು ತಿಳಿಸಿ. ಖಂಡಿತ ಕೆಲಸ ಕೊಡ್ತೀನಿ." ಫ್ಲಾಸ್ಕಿನಿಂದ ಎರಡು ಹೆಜ್ಜೆ ದೂರ ಸರಿದೇ ಕೈಮುಗಿದು ಹೊರಟರು. ಕಾಫಿ ಕುಡಿಯಲಿಲ್ಲ.

"ಅವರು ಕೇಳಿರ್ಲಿಲ್ಲ ಅಪ್ಪ," ಎಂದಳು ಮಗಳು. ಸಿಟ್ಟಿರಲಿಲ್ಲ ದನಿಯಲ್ಲಿ, ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. "ಕೇಳೇ ಇರ್ಲಿಲ್ಲ."

"ಸುಡೋ ದ್ರಾವಣ ಅಂದ್ರಲ್ಲ ಮಗಳೇ, ಕೇಳಿಸ್ಕೊಂಡ್ಯಾ? ಯಾರದೋ ಹುಡುಗಿ ಅದನ್ನ ಕೈಲಿ ಹಿಡ್ಕೊಂಡಿರ್ತಾಳೆ."

"ಅವರಿಗೇನು ಇವತ್ತು ಕೊಟ್ಟು ಕಳಿಸ್ತಿದ್ಯಾ? ಮೊದಲು ಓವನ್ ಬರ್ತಿತ್ತು, ಆಮೇಲೆ ತಾನೇ ಕೆಲಸ!"

ಗಾಜಣ್ಣ ಫ್ಲಾಸ್ಕನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದ. ಒಂದು ಸುತ್ತು ಸಾಕಾಗಿತ್ತು; ಮೂರು ಸುತ್ತಿದ.

ಆರು ಗಂಟೆಗೆ ಪುಟದ ಹಸಿರು ಪಟ್ಟಿ ಬೂದುಬಣ್ಣಕ್ಕೆ ತಿರುಗಿತು. 'ಗುರಿ ತಲುಪಿಲ್ಲ. ನೆರವು ನೀಡಿದವರಿಗೆ ಹಣ ಮರಳಿಸಲಾಗುವುದು.' ಹತ್ತು ನಿಮಿಷಕ್ಕೆ ಗಾಜಣ್ಣನ ಅಕ್ಕನ ಕರೆ.

"ಏನೋ, ನನ್ನ ದುಡ್ಡು ವಾಪಸ್ ಬರುತ್ತೆ ಅಂತ ಮೆಸೇಜ್ ಬಂದಿದೆ? ಹೋಗ್ಲಿ ಬಿಡು, ನನ್ನ ಹಕ್ಕಿನಾದ್ರೂ ಕಳ್ಸು. ಎಲ್ರಿಗೂ ಹೇಳ್ಬಿಟ್ಟಿದೀನಿ."

"ಬೇಡ ಅಕ್ಕ. ಅವೂ ಓವನ್ ಕಂಡಿಲ್ಲ. ಬಂದ್ಮೇಲೆ ಒಟ್ಟಿಗೆ ತಣಿಸಿ ಕಳಿಸೋಣ ಅಂತಿದ್ದೆ. ಈಗ ಕಳ್ಸಿದ್ರೆ ನಿನ್ನ ಕೈಯಲ್ಲೇ ಒಡೀಬಹುದು."

"ಥೂ, ನಿನ್ನ ಬಾಯಲ್ಲಿ ಒಂದು ಒಳ್ಳೆ ಮಾತು ಬರಲ್ಲ ನೋಡು," ಎಂದು ಅಕ್ಕ ಫೋನಿಟ್ಟಳು.

ನೂರ ಹದಿನಾಲ್ಕು ಹಕ್ಕಿಗಳು ನಡುಮನೆಯ ಗೋಡೆಯ ಹಲಗೆಗಳ ಮೇಲೆ ಮೂರು ಸಾಲಾಗಿ ಕೂತಿದ್ದವು, ಒಂದೊಂದರ ಹೊಟ್ಟೆಯ ಮೇಲೂ ಕೊಟ್ಟವರ ಹೆಸರು ಕೊರೆಸಿಕೊಂಡು. ಶನಿವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ 'ಟಿಕ್' ಎಂದಿತು. ಯಾರೂ ಮುಟ್ಟಿರಲಿಲ್ಲ. ಎದ್ದು ನೋಡಿದರೆ ದಾದಿಯಮ್ಮನ ಹಕ್ಕಿಯ ಕತ್ತು ಬಿದ್ದಿತ್ತು. ಭಾನುವಾರ ಎರಡು. ಹೆಂಡತಿ ಬಗ್ಗಿ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒತ್ತಿ ತೆಗೆದಳು. "ಎಲ್ಲಾನೂ ಎಸೆದುಬಿಡಲಾ?" ಎಂದು ಕೇಳಿದಳು. ಅವನು ಉಳಿದವನ್ನು ಹಲಗೆಯ ಅಂಚಿನಿಂದ ಒಳಕ್ಕೆ ಸರಿಸಿದ. ಅವಳು ಎಸೆಯಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಉಗ್ರಾಣದವರು ಕೊಟ್ಟ ಬೂದು ಕೋಟು ಹಾಕಿಕೊಂಡು ಗುಂಡಿ ಹಾಕುತ್ತಿದ್ದಾಗ ಬೆನ್ನ ಹಿಂದೆ ಮತ್ತೆ ಟಿಕ್ ಎಂದಿತು. ತಿರುಗಲಿಲ್ಲ. ಹೆಂಡತಿ ಹೊರಬಾಗಿಲಿನಿಂದ ಅವನ ಚಪ್ಪಲಿ ತಂದು, ಚೂರು ಚೆಲ್ಲಿದ ನಡುಮನೆಯಲ್ಲೇ, ಅವನ ಪಾದದ ಮುಂದೆ ಇಟ್ಟಳು. ಅವಳೂ ಹಾಕಿಕೊಂಡಿದ್ದಳು. ಒಳಗೆ ಮಗಳ ಚಪ್ಪಲಿಯ ಸದ್ದು ಅಡುಗೆಮನೆಯಿಂದ ಬಚ್ಚಲಿನವರೆಗೆ ಹೋಗಿ, ಹಿಂದಕ್ಕೆ ಬರುತ್ತಿತ್ತು.